ಕಾಲಿಗೆ ಕೆಲಸವಿಲ್ಲದ ಕಾರು

ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗಿಯೊಬ್ಬಳು ಮೊನ್ನೆ ತನ್ನ ರಜೆಯ ದಿನ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಡಿಪ್ಲೊಮಾ ಓದಿದವಳು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋದವರು ಕೈಯಲ್ಲೇ ಓಡಿಸುವಂತೆ ಕಾರನ್ನು ಮಾರ್ಪಡಿಸುವ ಕೆಲಸ ಕಲಿಯಬೇಕಂತೆ. "ಅಂಕಲ್, ಏನೇನ್ ಗೊತ್ತಿರ್ಬೇಕೋ ಎಲ್ಲಾ ಬರೆದುಕೊಡಿ" ಎಂದಳು. ನಾನು ಹುಮ್ಮಸ್ಸಿನಿಂದ ಲಿವರಿನ ಉದ್ದ, ರಾಡಿನ ದಪ್ಪ, ಬೋಲ್ಟಿನ ಅಳತೆ ಬರೆಯಲು ಕೂತೆ. ಅರ್ಧ ಪುಟಕ್ಕೆ ಮುಗಿದುಹೋಯಿತು. ಅದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದೆ, ಚಿತ್ರದ ಸಮೇತ. ಅಲ್ಲಿ ಸಿಗದಿರುವುದೆಂದರೆ ನಾನು ಮಾಡಿದ ತಪ್ಪುಗಳು. ಹಾಗಾಗಿ ಅವನ್ನೇ ಬರೆಯುತ್ತಿದ್ದೇನೆ.

ನಾನು ಐಟಿಐನಲ್ಲಿ ಫಿಟ್ಟರ್ ಕಲಿತವನು. ಮೊದಲು ಮುಳಬಾಗಿಲಿನಲ್ಲಿ ಒಬ್ಬ ಉಸ್ತಾದರ ಲೇತ್ ಶಾಪಿನಲ್ಲಿದ್ದೆ. ಅವರ ಬಾಯಲ್ಲಿ ಶಹಬ್ಬಾಸ್ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬೇರಿಂಗ್ ಕೂರಿಸುವಾಗ ಲೋಹಕ್ಕೆ ತೆಳ್ಳಗೆ ನೀಲಿ ಬಣ್ಣ ಹಚ್ಚಿಸುತ್ತಿದ್ದರು. ಕೂರಿಸಿ ತೆಗೆದರೆ ಎಲ್ಲಿ ಬಣ್ಣ ಅಂಟಿದೆಯೋ ಅಲ್ಲಿ ತಾಗುತ್ತಿದೆ ಎಂದರ್ಥ, ಅಲ್ಲಿಷ್ಟು ಹೆರೆಯಬೇಕು. ಒಂದೇ ಬೇರಿಂಗನ್ನು ನನ್ನಿಂದ ಹನ್ನೆರಡು ಸಲ ತೆಗೆಸಿ ಹಾಕಿಸಿದ ಮಹಾನುಭಾವರು ಅವರು. ಆಗ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ, ಈಗ ಕೈಮುಗಿಯುತ್ತೇನೆ. ಆಮೇಲೆ ಕೋಲಾರದಲ್ಲಿ, ಶ್ರೀನಿವಾಸಪುರ ರಸ್ತೆಯಲ್ಲಿ, ನನ್ನದೇ ಒಂದು ಗ್ಯಾರೇಜು ಹಾಕಿಕೊಂಡೆ.

ಕೈಯಲ್ಲಿ ಓಡಿಸುವ ಕಾರು ಬೇಕು ಎಂದು ಮೊದಲು ಬಂದವರು ಶ್ರೀನಿವಾಸಪುರದ ಕಡೆಯ ರೆಡ್ಡಪ್ಪನವರು. ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಿದ್ದವರು. ಕೊಂಬೆ ಮುರಿದು ಬಿದ್ದು ಬೆನ್ನಿಗೆ ಪೆಟ್ಟಾಗಿ ಎರಡು ವರ್ಷ ಮನೆಯಲ್ಲಿದ್ದರು. ಮನೆಯವರು ಅವರನ್ನು ಎತ್ತಿಕೊಂಡು ತಂದು ಗ್ಯಾರೇಜಿನ ಕುರ್ಚಿಯಲ್ಲಿ ಕೂರಿಸಿದಾಗ ನಾನು ಮಾಡಿದ ಮೊದಲ ತಪ್ಪು ಏನು ಗೊತ್ತೆ? ಅವರ ಹೆಂಡತಿಯ ಕಡೆ ತಿರುಗಿ "ಇವರಿಗೆ ಸೀಟು ಎಷ್ಟು ಎತ್ತರ ಬೇಕಮ್ಮ?" ಎಂದು ಕೇಳಿದ್ದು. ರೆಡ್ಡಪ್ಪನವರು "ಬಿದ್ದಿರೋದು ಕಾಲು ಮೇಸ್ತ್ರಿ, ಬಾಯಲ್ಲ" ಎಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನಿಮ್ಮಲ್ಲಿಗೆ ಬಂದವರ ಹತ್ತಿರ ನೇರವಾಗಿ ಮಾತಾಡಿ, ನಿಂತು ಮಾತಾಡಬೇಡಿ, ಒಂದು ಸ್ಟೂಲು ಎಳೆದುಕೊಂಡು ಕೂತು ಮಾತಾಡಿ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಬ್ರೇಕು, ಆಕ್ಸಿಲರೇಟರು ಎರಡನ್ನೂ ಸ್ಟೀರಿಂಗಿನ ಕೆಳಗಿನ ಒಂದೇ ಲಿವರಿಗೆ ತರಬೇಕು. ಯಾವುದಕ್ಕೆ ಎಳೆಯುವುದು, ಯಾವುದಕ್ಕೆ ತಳ್ಳುವುದು? ನಾನು ರಾಗಿ ಹೊಲದಲ್ಲಿ ಬೆಳೆದವನು. ಹಗ್ಗ ಎಳೆದರೆ ಎತ್ತು ನಿಲ್ಲುತ್ತದೆ, ಸಡಿಲ ಬಿಟ್ಟರೆ ಮುಂದೆ ಹೋಗುತ್ತದೆ. ಎಳೆದರೆ ಬ್ರೇಕು, ತಳ್ಳಿದರೆ ಆಕ್ಸಿಲರೇಟರು ಎಂದು ಮಾಡಿದೆ. ರೆಡ್ಡಪ್ಪನವರೂ ಎತ್ತು ಹೂಡಿದವರೇ, ಬಹಳ ಸರಿಯಾಗಿದೆ ಎಂದರು.

ಗ್ಯಾರೇಜಿನ ಅಂಗಳದಲ್ಲೇ ಓಡಿಸಿ ನೋಡಿದೆವು. ಅವರು ಲಿವರ್ ಎಳೆದರು, ಬ್ರೇಕು ಹಿಡಿಯಿತು, ಕಾರು ಜರ್ಕು ಹೊಡೆಯಿತು. ನಾವು ನೀವಾದರೆ ಕಾಲೂರಿ, ಹೊಟ್ಟೆ ಬೆನ್ನು ಬಿಗಿಹಿಡಿದು ಮೈಯನ್ನು ತಡೆದುಕೊಳ್ಳುತ್ತೇವೆ. ಅವರ ಮೈಗೆ ಅದು ಸಾಧ್ಯವಿಲ್ಲ. ಮೈ ಮುಂದಕ್ಕೆ ಬಾಗಿತು, ಮೈ ಜೊತೆಗೆ ಕೈಯೂ ಮುಂದಕ್ಕೆ ಹೋಯಿತು, ಕೈ ಲಿವರನ್ನು ತಳ್ಳಿತು. ಕಾರು ಭರ್‌ ಎಂದು ಹೋಗಿ ಪಕ್ಕದವರು ಜೋಡಿಸಿಟ್ಟಿದ್ದ ಖಾಲಿ ಟೊಮ್ಯಾಟೊ ಕ್ರೇಟುಗಳ ರಾಶಿಗೆ ನುಗ್ಗಿತು. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದೆ. ನೋಡಿದರೆ ಬಾನೆಟ್ಟಿನ ಮೇಲೆ ನಾಲ್ಕು ಕ್ರೇಟು ಕೂತಿವೆ, ಒಳಗೆ ರೆಡ್ಡಪ್ಪನವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾರೆ. "ಏಮಯ್ಯಾ, ನಾ ಕಾರು ಎದ್ದುಲ ಬಂಡಿ ಅನುಕುನ್ನಾವಾ?" ಎಂದರು. ನನ್ನ ಕಾರನ್ನು ಎತ್ತಿನ ಗಾಡಿ ಅಂದುಕೊಂಡೆಯಾ ಎಂದು.

ಆಮೇಲೆ ಅದನ್ನು ತಿರುವುಮುರುವು ಮಾಡಿದೆ: ತಳ್ಳಿದರೆ ಬ್ರೇಕು, ಎಳೆದರೆ ಆಕ್ಸಿಲರೇಟರು. ಮೈ ಮುಂದೆ ಬಿದ್ದರೂ ಕಾರು ನಿಲ್ಲಬೇಕು. ಅದರ ಜೊತೆಗೆ ಎದೆಗೊಂದು ಅಗಲವಾದ ಬೆಲ್ಟು. ಇವತ್ತು ಕೊಂಡುತರುವ ಲಿವರುಗಳೂ ಹಾಗೇ ಇರುತ್ತವೆ. ಯಾಕೆ ಹಾಗೆ ಎಂದು ತಿಳಿಯದೆ ಕೂರಿಸಬೇಡಿ.

ಆ ಕಾಲದಲ್ಲಿ ಕ್ಲಚ್ಚನ್ನೂ ಕೈಗೆ ತರಬೇಕಿತ್ತು. ಗೇರಿನ ಕಡ್ಡಿಗೆ ಬೈಕಿನ ಕ್ಲಚ್ ಹಿಡಿ ಕಟ್ಟಿ, ಕೇಬಲ್ ಎಳೆದು ಪಡಬಾರದ ಪಾಡು ಪಟ್ಟಿದ್ದೇನೆ. ಆಟೊಮ್ಯಾಟಿಕ್ ಕಾರುಗಳು ಬಂದು ನಮ್ಮ ಅರ್ಧ ಕೆಲಸ ಇಳಿಸಿದವು. ಹೊಸಬರು ಈ ಸುಖದಲ್ಲೇ ಕಣ್ಣು ಬಿಟ್ಟವರು, ಇರಲಿ.

ಸಾರಿಗೆ ಕಚೇರಿಯ ಒಬ್ಬ ಇನ್ಸ್‌ಪೆಕ್ಟರನ್ನು ನೆನೆಯದೆ ಮುಂದೆ ಹೋಗಲಾರೆ. ರೆಡ್ಡಪ್ಪನವರ ಕಾರನ್ನು ತಪಾಸಣೆಗೆ ಒಯ್ದಾಗ ಆತ ಸುತ್ತಲೂ ಎರಡು ಸಲ ನಡೆದು ನೋಡಿ, "ಮೊದ್ಲು ನೀವು ಓಡ್ಸಿ. ಎರಡೂ ಕಾಲು ಟವೆಲಲ್ಲಿ ಕಟ್ಕೊಂಡು ಓಡ್ಸಿ" ಎಂದರು. ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಕಟ್ಟಿಕೊಂಡು ಓಡಿಸಿದೆ. ಮೊದಲ ತಿರುವಿನಲ್ಲೇ ಸೀಟಿನಿಂದ ಪಕ್ಕಕ್ಕೆ ಜಾರಿದೆ. ಆತ ನಗಲಿಲ್ಲ. "ಪಕ್ಕಕ್ಕೆ ಆಸರೆ ಇಲ್ಲ ನೋಡಿ, ಹಾಕ್ಕೊಂಡು ಬನ್ನಿ" ಎಂದರು ಅಷ್ಟೆ. ಅಂದಿನಿಂದ ನಾನು ಮಾಡಿದ ಪ್ರತಿಯೊಂದು ಕಾರನ್ನೂ ಒಂದು ದಿನ ಪೂರ್ತಿ ಕಾಲು ಕಟ್ಟಿಕೊಂಡು ಓಡಿಸಿದ್ದೇನೆ. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ಆದರೆ ಟವೆಲ್ ಕಟ್ಟಿಕೊಂಡ ಮಾತ್ರಕ್ಕೆ ಎಲ್ಲ ತಿಳಿಯಿತು ಎಂದು ಜಂಭಪಟ್ಟೆ. ಆ ಜಂಭ ಇಳಿದದ್ದು ವೀರಾಚಾರಿಯವರ ವಿಷಯದಲ್ಲಿ.

ವೀರಾಚಾರಿ ಶಿವಾರಪಟ್ಟಣದ ಶಿಲ್ಪಿ. ನಲವತ್ತು ದಾಟಿರಲಿಲ್ಲ. ಲಾರಿಯಿಂದ ಇಳಿಸುವಾಗ ಕಲ್ಲು ಜಾರಿ ಬೆನ್ನಿಗೆ ಬಡಿದು ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ ಎಂಬಂತಾಗಿತ್ತು. ಕೈಗಳು ಮಾತ್ರ ಕಬ್ಬಿಣ. ಗಾಲಿಕುರ್ಚಿಯಲ್ಲಿ ಕೂತು ಸಣ್ಣ ವಿಗ್ರಹಗಳನ್ನು ಕೆತ್ತುತ್ತಿದ್ದರು. ಪೆಟ್ಟು ಬೀಳುವ ಮೊದಲೇ ಮುಳಬಾಗಿಲಿನ ಆಚೆಯ ಒಂದು ಹಳ್ಳಿಗೆ ವೇಣುಗೋಪಾಲನ ವಿಗ್ರಹ ಮಾಡಿಟ್ಟಿದ್ದರು. ಪ್ರತಿಷ್ಠೆಯ ದಿನ ದೇವರ ಕಣ್ಣು ತೆರೆಸುವುದು ಕೆತ್ತಿದವರ ಕೆಲಸ, ಕೊನೆಯ ಉಳಿ ಪೆಟ್ಟು ಅವರದೇ ಆಗಬೇಕು. ಆ ಹಳ್ಳಿಯ ಜನ ದೊಡ್ಡವರು. ಬೇರೆ ಆಚಾರಿಯಿಂದ ಮಾಡಿಸುತ್ತೇವೆ ಎನ್ನದೆ ಇವರಿಗಾಗಿ ಕಾದರು.

"ಎತ್ಕೊಂಡ್ ಹೋಗ್ತೀವಿ ಅಂತಾರೆ ಎಲ್ರೂ" ಎಂದರು ವೀರಾಚಾರಿ, ನಾನು ಅವರ ಮನೆಗೆ ಹೋದ ಮೊದಲ ದಿನ. "ನನ್ನ ಎತ್ತಿ ಎತ್ತಿ ಅವ್ರಿಗೂ ಸಾಕಾಗೈತೆ ಮುನಿರಾಜಣ್ಣ, ನನಗೂ ಸಾಕಾಗೈತೆ. ಬೀಡಿ ತರೋಕ್ಕೂ ಒಬ್ರನ್ನ ಕೇಳ್ಬೇಕು. ಒಂದ್ಸಲ, ಪಕ್ಕದಾಗೆ ಯಾರೂ ಇಲ್ದೆ, ನಾನೊಬ್ನೇ ಹೋಗಿ ನಾನೊಬ್ನೇ ಬರ್ಬೇಕು. ಅಷ್ಟೇ ನನ್ ಆಸೆ."

ಅವರ ಹೆಂಡತಿ ಕಮಲಮ್ಮ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. "ಉಳಿದಿರೋದೇ ಅರ್ಧ ಜೀವ. ಅದನ್ನೂ ರೋಡಿಗೆ ಹಾಕ್ಬೇಕಾ?" ಎಂದು ಒಳಗೆ ಹೋದರು.

ಆಟೊಮ್ಯಾಟಿಕ್ ಕಾರು ತಂದರು. ಒಂದೇ ಕೈಯಲ್ಲಿ ತಿರುಗಿಸಲು ಸ್ಟೀರಿಂಗಿಗೆ ಒಂದು ಗುಂಡು ಹಿಡಿ, ಅದರ ಎಡಕ್ಕೆ ಲಿವರು, ಪಕ್ಕದ ಆಸರೆ, ಎದೆಯ ಬೆಲ್ಟು, ಕುರ್ಚಿಯಿಂದ ಸೀಟಿಗೆ ಜಾರಲು ನುಣ್ಣಗೆ ಹೊಳಪು ಕೊಟ್ಟ ಒಂದು ಹಲಗೆ. ನಾನು ಕಾಲು ಕಟ್ಟಿಕೊಂಡು ಒಂದು ದಿನ ಓಡಿಸಿದೆ. ಆಮೇಲೆ ಅವರನ್ನು ಕೂರಿಸಿ ಲಿವರ್ ಆಡಿಸಲು ಹೇಳಿ, ಮೂವತ್ತು ವರ್ಷದಿಂದ ಎಲ್ಲ ಗಿರಾಕಿಗಳನ್ನೂ ಕೇಳುವ ಮಾತನ್ನೇ ಕೇಳಿದೆ: "ಎಲ್ಲಾದ್ರೂ ಒತ್ತುತ್ತಾ ಆಚಾರ್ರೇ?"

"ಇಲ್ಲ ಅಣ್ಣ. ಏನೂ ಇಲ್ಲ."

ನಾನು ಸಂತೋಷದಿಂದ ಸ್ಪ್ಯಾನರ್ ಒರೆಸಿ ಒಳಗಿಟ್ಟೆ. ಕಾಲಿಗೆ ಸ್ಪರ್ಶವೇ ಇಲ್ಲ ಎಂದು ಅವರೇ ಹೇಳಿದ್ದರು, ನಾನೇ ಕೇಳಿಸಿಕೊಂಡಿದ್ದೆ. ಆದರೂ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ನಂಬಿದೆ.

ಲೈಸೆನ್ಸ್ ಪರೀಕ್ಷೆಯೂ ಆಯಿತು. ಭಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಮಾಲೂರಿಗೆ ಹೋಗಿ ಬರುತ್ತಿದ್ದರು. ಹದಿನೆಂಟನೇ ದಿನ ಕಮಲಮ್ಮನ ಫೋನು ಬಂತು. ಚಳಿಜ್ವರ, ಎಡ ಮೊಣಕಾಲಿನ ಕೆಳಗೆ ಹುಣ್ಣು, ಆಸ್ಪತ್ರೆಗೆ ಸೇರಿಸಿದ್ದಾರೆ. ಲಿವರಿನ ಕ್ಲ್ಯಾಂಪಿನಿಂದ ಹೊರಗೆ ಚಾಚಿದ್ದ ಬೋಲ್ಟಿನ ತುದಿ ಪ್ರತಿ ಸಲ ಬ್ರೇಕ್ ತಳ್ಳಿದಾಗಲೂ ಕಾಲಿಗೆ ತಾಗಿ ಹದಿನೆಂಟು ದಿನ ಉಜ್ಜಿತ್ತು. ನನಗಾದರೆ ಮೊದಲ ಸಲಕ್ಕೇ ಅಯ್ಯೋ ಎಂದು ಕಾಲು ಎಳೆದುಕೊಳ್ಳುತ್ತಿದ್ದೆ. ಟವೆಲ್ ಕಟ್ಟಿದ್ದ ನನ್ನ ಕಾಲು ಕೂಡ, ನನಗೇ ತಿಳಿಯದಂತೆ, ಅಷ್ಟು ಪಕ್ಕಕ್ಕೆ ಸರಿದು ಕೂತಿತ್ತು. ಆ ಬೋಲ್ಟನ್ನು ಕಾಲಿಂಚು ಕತ್ತರಿಸಿದ್ದರೆ ಸಾಕಿತ್ತು.

ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್ ಸುಜಾತಾ ಮೇಡಂ ಸಿಕ್ಕರು. ಈ ಕಸುಬಿನಲ್ಲಿ ನನಗೆ ಮೇಲಧಿಕಾರಿ ಎಂದು ಯಾರಾದರೂ ಇದ್ದರೆ ಅವರೇ. "ಆ ಕಾರ್ ಮಾಡಿದ್ದು ನೀವೇನಾ?" ಎಂದರು. ಹೌದು ಎಂದೆ. "ನೋವು ಅನ್ನೋದು ಶತ್ರು ಅಂದ್ಕೊಂಡಿದೀರಾ? ಅದು ಕಾವಲುಗಾರ. ಅವರಿಗೆ ಆ ಕಾವಲಿಲ್ಲ. ಹುಣ್ಣು ಮೂಳೆವರೆಗೆ ಹೋದ್ರೆ ಕಾಲು ತೆಗೀಬೇಕಾಗುತ್ತೆ, ಜೀವಕ್ಕೂ ಗ್ಯಾರಂಟಿ ಇಲ್ಲ" ಎಂದರು. ಜೋರು ಮಾಡಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅದೇ ಹೆಚ್ಚು ಚುಚ್ಚಿತು.

ಕಮಲಮ್ಮ ಒಂದೇ ಮಾತು ಆಡಿದರು. "ಅಣ್ಣ, ಅದನ್ನ ಬಿಚ್ಚಿಬಿಡಿ." ಶಿವಾರಪಟ್ಟಣಕ್ಕೆ ಹೋಗಿ ಬಿಚ್ಚಿದೆ. ಲಿವರನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಗ್ಯಾರೇಜಿನ ಮೂಲೆಯಲ್ಲಿ ಹಾಕಿದೆ. ಇನ್ನು ಈ ಕೆಲಸ ಸಾಕು, ಪಂಕ್ಚರ್ ಹಾಕಿಕೊಂಡಾದರೂ ಬದುಕುತ್ತೇನೆ ಎಂದುಕೊಂಡೆ. ಆಮೇಲೆ ಬಂದ ಇಬ್ಬರನ್ನು ವಾಪಸ್ ಕಳಿಸಿದೆ. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಹುಣ್ಣು ಮಾಯಲು ಮೂರು ತಿಂಗಳಿಗೂ ಹೆಚ್ಚು ಹಿಡಿಯಿತು. ದೇವರ ದಯೆ, ಕಾಲು ಉಳಿಯಿತು. ಒಂದು ಬೆಳಿಗ್ಗೆ ವೀರಾಚಾರಿಯವರೇ ಫೋನ್ ಮಾಡಿದರು.

"ಮುನಿರಾಜಣ್ಣ, ಲಿವರ್ ಎತ್ಕೊಂಡ್ ಬನ್ನಿ."

"ಬೇಡ ಆಚಾರ್ರೇ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ರೆ ನನಗೆ ಗೊತ್ತೇ ಆಗಲ್ಲ. ಲಿವರ್ ತನ್ನಿ" ಎಂದು ನಕ್ಕರು.

ಹೋದೆ. ಅವರ ಕಾರ್ಯಾಗಾರದಲ್ಲಿ ಒಂದು ಸಣ್ಣ ವಿಗ್ರಹವನ್ನು ಪೀಠಕ್ಕೆ ಕೂರಿಸುವ ಕೆಲಸ ನಡೆದಿತ್ತು. ವೀರಾಚಾರಿ ವಿಗ್ರಹದ ಬುಡಕ್ಕೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದರು. ಪೀಠದ ಗುಳಿಗೆ ಇಳಿಸಿ, ಮತ್ತೆ ಎತ್ತಿ, ಗುಳಿಯಲ್ಲಿ ಎಲ್ಲಿ ಕೆಂಪು ಅಂಟಿದೆ ನೋಡಿ, ಅಲ್ಲಿ ಮಾತ್ರ ಉಳಿ ಇಟ್ಟು ಒಂದಿಷ್ಟು ಕೆತ್ತಿದರು. ಮತ್ತೆ ಇಳಿಸಿದರು.

"ಕಲ್ಲು ಬಾಯಿಬಿಟ್ಟು ಇಲ್ಲಿ ಒತ್ತುತ್ತೆ ಅನ್ನುತ್ತಾ ಅಣ್ಣ? ನಾವೇ ನೋಡ್ಕೋಬೇಕು. ನನ್ ಕಾಲೂ ಹಂಗೇ ಅಂದ್ಕೊಳಿ."

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಉಸ್ತಾದರು ನನ್ನ ಕೈ ಹಿಡಿದು ಕಲಿಸಿದ್ದು ಇದನ್ನೇ. ಬೇರಿಂಗಿಗೆ ಎಷ್ಟು ಸಲ ನೀಲಿ ಹಚ್ಚಿದ್ದೇನೋ ಲೆಕ್ಕವಿಲ್ಲ. ಎದುರಿಗೆ ಕೂತದ್ದು ಮನುಷ್ಯ, ಮಾತಾಡುತ್ತಾನಲ್ಲ, ಕೇಳಿದರೆ ಸಾಕು ಎಂದುಕೊಂಡದ್ದೇ ನನ್ನ ತಪ್ಪಾಗಿತ್ತು.

ಲಿವರು ಮತ್ತೆ ಕೂರಿಸಿದೆ, ಎಲ್ಲ ಬೋಲ್ಟಿನ ತುದಿ ಕತ್ತರಿಸಿ ರಬ್ಬರ್ ಟೋಪಿ ಹಾಕಿದೆ. ಕ್ಲ್ಯಾಂಪು, ರಾಡು, ಪೆಡಲು, ಬಾಗಿಲಿನ ಒಳಮೈ, ಸ್ಟೀರಿಂಗಿನ ತಳ ಎಲ್ಲಕ್ಕೂ ಕೆಮ್ಮಣ್ಣು ಬಳಿದೆವು. ವೀರಾಚಾರಿ ಬಿಳಿ ಪಂಚೆ, ಬಿಳಿ ಕಾಲುಚೀಲ ಹಾಕಿಕೊಂಡು ಊರು ಸುತ್ತಿ ಬಂದರು. ಇಳಿದ ಮೇಲೆ ಪಂಚೆಯನ್ನು ಅಂಗುಲ ಅಂಗುಲ ನೋಡಿದವರು ಕಮಲಮ್ಮ. ಬೈದುಕೊಂಡೇ ನೋಡಿದರು. ಎಡ ಮೊಣಕಾಲಿನ ಪಕ್ಕ ಒಂದು ಗೆರೆ, ಅದು ನಾನು ಎಣಿಸಿದ್ದೇ. ಆದರೆ ಬಲಗಾಲಿನ ಚೀಲದ ಮೇಲ್ಭಾಗವೆಲ್ಲ ಕೆಂಪಾಗಿತ್ತು.

"ಇದೇನಣ್ಣ, ಪಾದದ ಮೇಲೆ?" ಎಂದರು.

ಕಾರಿನೊಳಗೆ ಬಗ್ಗಿ ನೋಡಿದೆ. ಗುಂಡಿಗಳಲ್ಲಿ ಕುಲುಕಿದಾಗ ಅವರ ಪಾದ ತಾನಾಗಿ ಅದುರಿ, ಜಾರಿ, ಬ್ರೇಕ್ ಪೆಡಲಿನ ಅಡಿಗೆ ಹೋಗಿ ಕೂರುತ್ತಿತ್ತು. ಹಾಗೇ ಬಿಟ್ಟಿದ್ದರೆ ಎಂದಾದರೂ ಒಂದು ದಿನ ಪಾದ ಅಡ್ಡ ಸಿಕ್ಕು ಬ್ರೇಕೇ ಹಿಡಿಯುತ್ತಿರಲಿಲ್ಲ. ಕಮಲಮ್ಮನ ಕಣ್ಣಿಗೆ ಅದು ಬೀಳದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಪೆಡಲಿನ ಮುಂದೆ ಒಂದು ತಗಡಿನ ತಡೆ ಕೂರಿಸಿ, ಪಾದಗಳಿಗೆ ಮೆತ್ತೆ ಹಾಕಿದ ಗೂಡು ಮಾಡಿದೆ. ಐದನೇ ಸಲ ಪಂಚೆ ಬೆಳ್ಳಗೇ ವಾಪಸ್ ಬಂತು. ಸುಜಾತಾ ಮೇಡಂ ಬಂದು ನೋಡಿ, ಸೀಟಿನ ದಿಂಬು ಬದಲಿಸಿ, ದಿನಾ ಸಂಜೆ ಕನ್ನಡಿ ಹಿಡಿದು ಚರ್ಮ ನೋಡಬೇಕು ಎಂದು ಹೇಳಿಕೊಟ್ಟು ಹೋದರು. ಇವತ್ತಿಗೂ ನನ್ನ ಗ್ಯಾರೇಜಿನಲ್ಲಿ, ಅದನ್ನು ಈಗ ನಡೆಸುವವರೂ, ಕೆಮ್ಮಣ್ಣಿನ ಡಬ್ಬ ಇಲ್ಲದೆ ಒಂದು ಕಾರನ್ನೂ ಹೊರಗೆ ಬಿಡುವುದಿಲ್ಲ. ಹಿಂದೆ ಕಳಿಸಿದ್ದ ಆ ಇಬ್ಬರನ್ನೂ ನಾನೇ ಹುಡುಕಿಕೊಂಡು ಹೋಗಿ ಕರೆತಂದೆ.

ಮುಳಬಾಗಿಲಿನ ಕಡೆಯ ಆ ಹಳ್ಳಿಯಲ್ಲಿ ಪ್ರತಿಷ್ಠೆಯ ದಿನ ನಿಗದಿಯಾಯಿತು. ಕಮಲಮ್ಮ ಒಂದು ಕರಾರು ಹಾಕಿದರು. "ಅಣ್ಣ ಪಕ್ಕದಾಗೆ ಕೂತ್ಕೊಂಡು ಹೋಗಿ, ಮನೆ ಬಾಗಿಲಿಗೆ ತಂದು ಬಿಡ್ಬೇಕು. ಹಂಗಾದ್ರೆ ಮಾತ್ರ." ನಾನು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ವೀರಾಚಾರಿಯವರ ಮುಖ ಸಣ್ಣದಾಯಿತು.

ಬೆಳಿಗ್ಗೆ ಬಸ್ಸಿನಲ್ಲಿ ಶಿವಾರಪಟ್ಟಣಕ್ಕೆ ಹೋಗಿ ಅವರ ಪಕ್ಕ ಕೂತೆ. ಹೈವೇಯಲ್ಲಿ ಲಾರಿಗಳು ಪಕ್ಕಕ್ಕೆ ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಅವರು ಓರೆಗಣ್ಣಲ್ಲಿ ನೋಡಿ, "ನಿಮ್ ಕಾಲು ಯಾಕಣ್ಣ ಒದ್ದಾಡ್ತೈತೆ? ಈ ಕಾರಲ್ಲಿ ಕಾಲಿಗೆ ಕೆಲ್ಸ ಇಲ್ಲ" ಎಂದರು. ಮುಳಬಾಗಿಲಿನಲ್ಲಿ ದೋಸೆ ತಿಂದೆವು, ಹೋಟೆಲಿನವರೇ ಕಾರಿನ ಹತ್ತಿರ ತಂದುಕೊಟ್ಟರು. ಹಳ್ಳಿಯಲ್ಲಿ ವಿಗ್ರಹವನ್ನು ಪೀಠಕ್ಕೇರಿಸುವ ಮೊದಲು ಮಂಟಪದಲ್ಲಿ ಇಟ್ಟಿದ್ದರು. ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಕಣ್ಣು ಸರಿಯಾಗಿ ಎಟುಕುವಷ್ಟು ಎತ್ತರ. ಅವರು ಉಳಿ ಹಿಡಿದಾಗ ಇಡೀ ಊರು ದೇವರನ್ನೇ ನೋಡುತ್ತಿತ್ತು. ನಾನು ದೇವರನ್ನು ನೋಡಲಿಲ್ಲ, ಆಚಾರಿಯವರ ಮುಖವನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಹೊರಟು ಕೋಲಾರಕ್ಕೆ ಬಂದೆವು. ಅವರು ಹೈವೇ ಬಿಟ್ಟು ನನ್ನ ಮನೆಯ ಬೀದಿಗೆ ತಿರುಗಿಸಿ ಬಾಗಿಲ ಮುಂದೆ ನಿಲ್ಲಿಸಿದರು.

"ಇಳೀರಿ ಅಣ್ಣ."

"ಆಗಲ್ಲ ಆಚಾರ್ರೇ. ನಿಮ್ಮಾಕೆಗೆ ಮಾತು ಕೊಟ್ಟಿದೀನಿ."

"ನೀವು ಮಾಡಿದ ಕಾರು. ನಿಮಗೇ ನಂಬಿಕೆ ಇಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ?"

ಸಿಟ್ಟಿನಿಂದ ಹೇಳಿದ್ದಲ್ಲ, ಬೇಡಿಕೊಂಡಂತಿತ್ತು. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆ ಹುಣ್ಣು, ಆ ಆಸ್ಪತ್ರೆಯ ಮಂಚ ಎಲ್ಲ ಕಣ್ಣ ಮುಂದೆ ಬಂತು. ಬಗ್ಗಿ ಅವರ ಪಾದಗಳು ಗೂಡಿನಲ್ಲಿ ಸರಿಯಾಗಿವೆಯೇ ನೋಡಿದೆ, ಎದೆಯ ಬೆಲ್ಟು ಎಳೆದು ನೋಡಿದೆ. ನೋಡಲು ಇನ್ನೇನೂ ಉಳಿದಿರಲಿಲ್ಲ. ಇಳಿದು ಬಾಗಿಲು ಹಾಕಿದೆ. ಅವರು ಕೈಮುಗಿದು ಲಿವರ್ ಎಳೆದರು. ಪಕ್ಕದ ಸೀಟು ಖಾಲಿ ಇದ್ದ ಆ ಕಾರು ಬೀದಿಯ ತಿರುವಿನಲ್ಲಿ ಒಮ್ಮೆ ನಿಂತು, ಒಂದು ಆಟೋವನ್ನು ಬಿಟ್ಟು, ತಿರುಗಿ ಹೋಯಿತು. ನಡುಬೀದಿಯಲ್ಲಿ ನಿಂತು ಅತ್ತೆ. ಇಷ್ಟು ವರ್ಷ ಬದುಕಿದ್ದಕ್ಕೆ, ಕೈಗೆ ಈ ಕೆಲಸ ಸಿಕ್ಕಿದ್ದಕ್ಕೆ ಅವತ್ತು ಅನಿಸಿದಷ್ಟು ಋಣ ಇನ್ನೆಂದೂ ಅನಿಸಿಲ್ಲ.

ಕಣ್ಣೊರೆಸಿಕೊಂಡು, ಬೈಸಿಕೊಳ್ಳಲು ತಯಾರಾಗಿ, ಕಮಲಮ್ಮನಿಗೆ ಫೋನ್ ಮಾಡಿದೆ. "ತಾಯಿ, ಮಾತು ತಪ್ಪಿದೆ. ಆಚಾರ್ರು ಒಬ್ರೇ ಬರ್ತಾ ಇದಾರೆ" ಎಂದೆ.

"ಹೊರಟು ಎಷ್ಟೊತ್ತಾಯ್ತಣ್ಣ?"

"ಈಗ ತಾನೆ."

"ಹಂಗಾದ್ರೆ ಮುದ್ದೆಗೆ ಎಸರಿಡ್ತೀನಿ" ಎಂದರು ಕಮಲಮ್ಮ. "ಅವ್ರು ಬರೋ ಹೊತ್ಗೆ ಬಿಸಿಬಿಸಿ ಆಗಿರುತ್ತೆ."